ಐದನೆಯ ವುಜೂ

ಹಾಸಿಗೆ ಹಿಡಿದ ಅತ್ತೆಯ ಮುಂದೆ ಗಂಜಿಯ ಬಟ್ಟಲಿಟ್ಟು ಸಫೂರಾ ಮೂಗು ಮುಚ್ಚಿಕೊಂಡು ಹೊರಬಂದಳು. ಆ ನಾರುವ ಚಾದರ ತನ್ನ ಸೆರಗಿಗೆ ತಾಗಿತೇ? ತಾಗಿದ್ದನ್ನು ಅವಳು ಕಂಡಿರಲಿಲ್ಲ, ಆದರೂ ಮನಸ್ಸು ಒಪ್ಪಲಿಲ್ಲ. ಸೀರೆ ಬದಲಿಸಿದಳು. ನಮಾಜಿಗೆ ಮುಂಚಿನ ಶುದ್ಧಿಗೆಂದು ನಾಲ್ಕು ಸಲ ವುಜೂ ಮಾಡಿ, ಚರ್ಮ ಕೆಂಪಾಗುವಂತೆ ಕೈಕಾಲು ತೊಳೆದಳು. ಐದನೆಯ ಸಲ ನಲ್ಲಿ ತಿರುಗಿಸುವಾಗ ಅತ್ತೆ ಒಳಗಿನಿಂದ ಕರೆದರು.

"ಸಫೂರಾ, ಸ್ವಲ್ಪ ಬಾಮ್ಮಾ."

"ನಮಾಜಿನ ಹೊತ್ತು ಮೀರ್ತಾ ಇದೆ ಅತ್ತೆ. ಈಗ ನಿಮ್ಮನ್ನ ಮುಟ್ಟಿದ್ರೆ ಮತ್ತೆ ಮೊದಲಿಂದ ತೊಳೀಬೇಕು. ನನಗೆ ಅಸಹ್ಯ ಆಗುತ್ತೆ."

"ನನಗೂ ಆಗುತ್ತಮ್ಮಾ," ಎಂದರು ಅತ್ತೆ. "ಬೆಳಗ್ಗೆಯಿಂದ ಈ ಹೊಲಸು ಚಾದರದಲ್ಲೇ ಮಲಗಿದ್ದೀನಿ. ನಂದೂ ನಮಾಜ್ ಬಾಕಿ ಇದೆ. ನನ್ನ ಒಂದೇ ಒಂದು ಸಲ ತೊಳೆದ್ರೆ ಸಾಕು."