ಹನ್ನೊಂದನೆಯ ದಿನಕ್ಕೆ ಮುಂಚೆ

ಮಗ ಹುಟ್ಟಿ ಹೋದದ್ದು ಮಗಳಿಗೂ ಗೊತ್ತಿದೆಯೆಂದು ದ್ವಾರಕಾನಾಥರಿಗೆ ತಿಳಿದದ್ದು ಹದಿನಾರು ವರ್ಷಗಳ ಮೇಲೆ, ಅವಳು ಓದುತ್ತಿದ್ದ ಊರಾದ ಸ್ಕೋಕಿಯ ಒಂದು ಲೈಬ್ರರಿಯಲ್ಲಿ. ಮಗಳು ಮೈತ್ರೇಯಿ ಮೈಕಿನ ಮುಂದೆ ನಿಂತು, ಕಾಲೇಜಿಗಾಗಿ ತಾನು ಬರೆದ ಇಂಗ್ಲಿಷ್ ಕಥೆಯನ್ನು ಓದುತ್ತಿದ್ದಳು. ೨೦೦೯ರ ಆ ಚಳಿಗಾಲದಲ್ಲಿ ಡಿಯರ್‌ಬಾರ್ನಿನ ಕಾರು ಕಂಪನಿಗಳ ಎಷ್ಟೋ ಇಂಜಿನಿಯರುಗಳಂತೆ ಅವರ ಕೆಲಸವೂ ಹೋಗಿರದಿದ್ದರೆ, ವಾರದ ನಡುವೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಅವರು ಬರುತ್ತಲೂ ಇರಲಿಲ್ಲ.

ಕಥೆಯಲ್ಲಿ ಒಬ್ಬ ನಾಲ್ಕು ವರ್ಷದ ಹುಡುಗಿ. ಅವಳ ತಮ್ಮ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತು ದಿನ ಬದುಕಿ ಹೋಗುತ್ತಾನೆ. ಅಪ್ಪ ಗ್ಯಾರೇಜಿನಲ್ಲಿ ಕೂತು ತೊಟ್ಟಿಲು ಬಿಚ್ಚುತ್ತಾನೆ. ಸ್ಕ್ರೂಗಳನ್ನೆಲ್ಲ ಚೀಲಕ್ಕೆ ಹಾಕಿ, ಅದರ ಬಾಯಿ ಕಟ್ಟಿ, ಆಮೇಲೆ ಅಳುತ್ತಾನೆ. ಅಂದು ಗ್ಯಾರೇಜಿನ ಬಾಗಿಲು ಹಾಕಿಕೊಂಡಿದ್ದೆನೆಂದೇ ದ್ವಾರಕಾನಾಥರು ನಂಬಿದ್ದರು. ಅದಾದ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ.

ಮುಂದಿನ ಪುಟದಲ್ಲಿ ತಾಯಿ ಪೆಟ್ಟಿಗೆಯೊಳಕ್ಕೆ ಬಗ್ಗಿ, ಮಗುವಿನ ಕಿವಿಯಲ್ಲಿ ಮೂರು ಸಲ "ಆಶ್ರಿತ್" ಎನ್ನುತ್ತಾಳೆ. ಇದು ಮಾತ್ರ ನಡೆದದ್ದಲ್ಲ. ನಾಮಕರಣ ಹನ್ನೊಂದನೆಯ ದಿನವೇ ಆಗಬೇಕೆಂದು ಹಟ ಹಿಡಿದವರು ಅವರೇ. ಕೂಸು ಕಾಯಲಿಲ್ಲ. ಅದಕ್ಕಾಗಿ ಬೇಡಿಕೊಳ್ಳಲು ದೇವರ ಮುಂದೆ ಕೂತಾಗಲೆಲ್ಲ, ಯಾರ ಹೆಸರಿನಲ್ಲಿ ಬೇಡುವುದೆಂದು ತಿಳಿಯದೆ ಅವರು ಎದ್ದುಬಿಡುತ್ತಿದ್ದರು.

ಪಾರ್ಕಿಂಗಿಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು, ಆ ಹೆಸರು ಎಲ್ಲಿಂದ ಬಂತು ಎಂದು.

"ಐ ಮೇಡ್ ಇಟ್ ಅಪ್, ಅಪ್ಪ. ಪುಟಪೂರ್ತಿ ಬೇಬಿ, ಬೇಬಿ ಅಂತಿತ್ತು. ಪ್ರೊಫೆಸರ್ ಅದಕ್ಕೆಲ್ಲ ಕೆಂಪು ಗೀಟು ಹಾಕಿದ್ರು."

ಹೆಂಡತಿ ಪದ್ಮಜಾ ಕಾರಿನ ಬಾಗಿಲು ಹಿಡಿದು ನಿಂತಿದ್ದರು. "ನೀನು ಕಟ್ಟಿದ್ದಲ್ಲ ಪುಟ್ಟಿ," ಎಂದರು. "ಆವತ್ತು, ಮಗು ಈ ದಿನ ದಾಟಲ್ಲ ಅಂದ್ರು ಡಾಕ್ಟ್ರು. ನಿಮ್ಮಪ್ಪ ಊರಿಗೆ ಫೋನ್ ಮಾಡಕ್ಕೆ ಹೋಗಿದ್ರು. ನಾನೇ ಹೇಳಿದ್ದು, ಅವನ ಕಿವೀಲಿ. ನೀನು ನನ್ನ ಸೆರಗು ಹಿಡ್ಕೊಂಡು ನಿಂತಿದ್ದೆ."

"ನೋ, ಅಮ್ಮ. ನಂಗೆ ಅದು ನೆನಪೇ ಇಲ್ಲ."

ದ್ವಾರಕಾನಾಥರು ಹೆಂಡತಿಯ ಕಡೆ ತಿರುಗಿದರು. "ನನಗ್ಯಾಕೆ ಹೇಳಲಿಲ್ಲ?"

"ಹನ್ನೊಂದಕ್ಕೆ ಮುಂಚೆ ಇಟ್ಟದ್ದು ಹೆಸರೇ ಅಲ್ಲ ಅಂತ ನೀವು ಅಂದುಬಿಟ್ಟಿದ್ರೆ?"

ಅವರು ಮಗಳನ್ನು ನೋಡಿದರು. ಕೈಯಲ್ಲಿ ಸುರುಳಿ ಸುತ್ತಿದ ಹಾಳೆಗಳು, ಕಣ್ಣಲ್ಲಿ ಗಾಬರಿ. ತನಗೇ ತಿಳಿಯದಂತೆ ಈ ಹುಡುಗಿ ಹದಿನಾರು ವರ್ಷ ತಮ್ಮನ ಹೆಸರನ್ನು ಕಾಪಾಡಿಕೊಂಡು ಬಂದಿದ್ದಳು. ಇಂಥದನ್ನು ಮಾಡಿಸುವವನು ಯಾರೆಂದು ಅವರಿಗೆ ಹೊಳೆಯಿತು.

ಕರಗಿದ ಹಿಮದಿಂದ ನೆಲವೆಲ್ಲ ಒದ್ದೆಯಾಗಿತ್ತು. ಅವರು ಶೂ ಕಳಚಿ, ಅಲ್ಲೇ ನಿಂತು ಕೈ ಮುಗಿದರು.

"ನಾರಾಯಣ, ನಿನಗೆ ಇದು ಮೊದಲೇ ತಿಳಿದಿರಬೇಕು, ನನಗೆ ಇವತ್ತು ತಿಳಿಯಿತು. ನನ್ನ ಮಗನ ಹೆಸರು ಆಶ್ರಿತ್. ಅವನಿಗೆ ಶಾಂತಿ ಕೊಡು."