ಗಾಜಿನ ಮೇಲಿನ ಮಸಿ

ಗಾಜಿನ ಎಡಮೂಲೆಯ ಮಸಿ ಇವತ್ತು ಹಟ ಹಿಡಿದಿತ್ತು. ದೀಪದ ಕಾವಲುಗಾರ ಅದರ ಮೇಲೆ ಉಸಿರೂದಿ ಮತ್ತೆ ಉಜ್ಜಿದ. ಕಣ್ಣು ಮಂಜಾದ ಮೇಲೆ ಅವನಿಗೆ ಬೆರಳೇ ಕಣ್ಣು.

ದ್ವೀಪದ ಈ ದೀಪಸ್ತಂಭದಲ್ಲಿ ಅಜ್ಜ ಎಣ್ಣೆ ದೀಪ ಉರಿಸಿದ್ದ, ಅಪ್ಪ ಸೀಮೆಎಣ್ಣೆಯದು. ಒಂದು ರಾತ್ರಿಯೂ ಕತ್ತಲಾಗಲಿಲ್ಲ ಎಂಬುದೇ ಮನೆತನದ ಆಸ್ತಿ. ಈಗ ಸಂಜೆ ದೀಪ ಹಚ್ಚುವುದು ತಮ್ಮನ ಪಾಲು, ಬೆಳಿಗ್ಗೆ ಗಾಜು ಒರೆಸುವುದು ಇವನದು. ಒರೆಸಿದ್ದು ಸಾಲದೆ ಯಾವುದಾದರೂ ದೋಣಿ ಬಂಡೆಗೆ ಬಡಿದರೆ? ಆ ಭಯಕ್ಕೇ ನಿವೃತ್ತಿಯ ಅರ್ಜಿ ಬರೆಸಿ ದಿಂಬಿನಡಿ ಇಟ್ಟು ವರ್ಷವಾಗಿತ್ತು. ಕಳಿಸಲು ಹೆಂಡತಿ ಬಿಡಳು, ತಮ್ಮನೂ ಬಿಡ.

“ನಿಮ್ಮಷ್ಟು ಚೆನ್ನಾಗಿ ಯಾರು ಒರೆಸ್ತಾರೆ?” ಎನ್ನುತ್ತಿದ್ದಳು ಅವಳು. ಆಮೇಲೆ ಅಡುಗೆಮನೆಯಲ್ಲಿ ಇಬ್ಬರ ಪಿಸುಮಾತು. ಇವನು ಕೆಮ್ಮಿದರೆ ನಿಲ್ಲುತ್ತಿತ್ತು. ಕೈಲಾಗದವನೆಂದು ಆಡಿಕೊಳ್ಳುತ್ತಿರಬೇಕು.

ಪೊರಕೆ ಆಡಿಸಿದ. ಮೊದಲೆಲ್ಲ ದೀಪಕ್ಕೆ ಮುತ್ತಿ ಸತ್ತ ಹುಳುಗಳು ಮೊರದ ತುಂಬ ಸಿಗುತ್ತಿದ್ದವು. ಈಗ ಒಂದೂ ಇಲ್ಲ. “ಹುಳಕ್ಕೂ ಬುದ್ಧಿ ಬಂದಿದೆ ಅಣ್ಣ” ಎಂದು ತಮ್ಮ ನಕ್ಕಿದ್ದ. ಇವನೂ ನಕ್ಕಿದ್ದ.

ಮೂಗು ತುರಿಸಿತು. ಮಸಿಯಾದ ಬೆರಳು ಮೂಗಿಗೆ ಹೋಯಿತು. ಅಲ್ಲೇ ನಿಂತಿತು.

ಅವನು ಕಂಬಿ ಹಿಡಿದು ಇಳಿದ. ದಿಂಬಿನಡಿಯ ಕಾಗದ ತೆಗೆದ. ದಡದಲ್ಲಿ ದಿನಸಿ ಇಳಿಸುತ್ತಿದ್ದ ದೋಣಿಯವನ ಕೈಗಿಟ್ಟ. “ಇವತ್ತೇ ಅಂಚೆಗೆ ಹಾಕಪ್ಪ.”

ಹೆಂಡತಿ ಓಡಿಬಂದಳು, ಹಿಂದೆಯೇ ತಮ್ಮ. “ಏನು ಅವಸರ ನಿಮಗೆ? ನಾಳೆ ಗಾಜು ಒರೆಸೋರು ಯಾರು?”

ಅವನು ಬೆರಳನ್ನು ಅವಳ ಮೂಗಿನ ಮುಂದೆ ಹಿಡಿದ. “ಮೂಸು. ನಮ್ಮ ದೀಪ ಯಾವಾಗಿಂದ ಈರುಳ್ಳಿ ಹುರಿಯೋಕೆ ಶುರು ಮಾಡ್ತು?”

ಅವಳ ದನಿ ಉಡುಗಿತು. “ಗಾಜಿಗೆ ಬಾಣಲೆ ಮಸಿ ಬಳೀತಿದ್ದೋಳು ನಾನೇ. ಕೈ ಖಾಲಿಯಾದ್ರೆ ನೀವು ಉಳಿಯಲ್ಲ ಅಂತ...”

“ಆಟಿಕೆ ಕೊಟ್ಟು ಕೂರಿಸಿದ್ರಿ ಅನ್ನು.” ತಮ್ಮನತ್ತ ತಿರುಗಿದ. “ನೀನೇನೋ? ದಿನಾ ಸಂಜೆ ‘ಹಚ್ಚಿದೆ ಅಣ್ಣ’ ಅಂತಿದ್ದೆಯಲ್ಲ!”

ತಮ್ಮ ತಲೆ ತಗ್ಗಿಸಿದ. ಆಚೆ ದಡದ ಗುಡ್ಡದ ಮೇಲೆ ದೋಣಿಗಳಿಗೆ ದಾರಿ ತೋರುವ ಹೊಸ ಕರೆಂಟ್ ದೀಪದ ಕಂಬ ನಿಂತಿತ್ತು. ಅಣ್ಣನ ಕಣ್ಣಿಗೆ ಅದು ಕಾಣುವಂತಿರಲಿಲ್ಲ.

ದೋಣಿ ಹೊರಟಿತು. ಇಲಾಖೆ ಮೂರು ವರ್ಷದ ಹಿಂದೆಯೇ ಆರಿಸಿ ಮುಚ್ಚಿದ್ದ ದೀಪದಿಂದ ಬಿಡುಗಡೆ ಬೇಡುವ ಕಾಗದ ಕೊನೆಗೂ ನೀರು ದಾಟಿತು.