ಹಸಿಯುವ ಮಕ್ಕಳ ಶಾಲೆ

ಬಿಸಿಲಿಗೆ ನಿಂತರೆ ಸಾಕು, ಎಲ್ಲರ ಹೊಟ್ಟೆಯೂ ತುಂಬುತ್ತಿದ್ದ ಕಾಲ. ಹಾಗೆ ತುಂಬದೆ, ಹಿಂದಿನವರಂತೆ ಹಸಿದು ಉಣ್ಣುವ ಮಕ್ಕಳಿಗೆಂದು ಸರ್ಕಾರ ಊರಾಚೆ ಒಂದು ವಿಶೇಷ ಶಾಲೆ ನಡೆಸುತ್ತಿತ್ತು. ಮುಖ್ಯೋಪಾಧ್ಯಾಯಿನಿ ಪುಟ್ಟಗೌರಮ್ಮನವರ ಹಾಜರಿ ಪುಸ್ತಕದಲ್ಲಿ ಈ ವರ್ಷ ಹನ್ನೊಂದೇ ಹೆಸರು. ಹನ್ನೆರಡಾಗದಿದ್ದರೆ ಶಾಲೆ ಮುಚ್ಚಬೇಕೆಂದು ಇಲಾಖೆಯ ಆದೇಶ. ಇನ್‌ಸ್ಪೆಕ್ಟರ್ ಚನ್ನಕೇಶವಯ್ಯ ಬೀಗವನ್ನು ಕೈಯಲ್ಲಿ ಹಿಡಿದೇ ಬಂದಿದ್ದರು.

“ಮಕ್ಕಳಲ್ಲಿ ವೈವಿಧ್ಯ ಇದೆಯಾ ಅಂತ ಒಂದು ಕಾಲಂ ಇದೆ ಮೇಡಂ.”

“ಬೇಕಾದಷ್ಟಿದೆ ಸಾರ್. ನಸೀಮಾಗೆ ಗಂಟೆಗೊಂದ್ಸಲ ಹಸಿವಾಗುತ್ತೆ. ಬಸವಣ್ಣಿಗೆ ಪಕ್ಕದವರ ತಟ್ಟೆ ನೋಡಿದ್ರೆ ಮಾತ್ರ. ಡೇವಿಡ್ ಉಪ್ಪಿಟ್ಟು ಅಂದ್ರೆ ಬೆಂಚಿನ ಕೆಳಗೆ ನುಗ್ತಾನೆ.”

“ಸರಿ. ಹನ್ನೆರಡನೇ ಮಗು ಎಲ್ಲಿ?”

ಪುಟ್ಟಗೌರಮ್ಮ ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. ಬೀಗ ಬೀಳುವುದಾದರೆ ಮಕ್ಕಳು ಉಂಡ ಮೇಲೆ ಬೀಳಲಿ ಎಂದುಕೊಂಡು, ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದರು. ಆ ಶಾಲೆಯ ಪ್ರವೇಶ ಪರೀಕ್ಷೆಯೂ ಅದೇ: ಇಂಗಿನ ಘಮ ಏಳುತ್ತಿದ್ದಂತೆ ಮಗುವಿನ ಹೊಟ್ಟೆಗೆ ಕಿವಿಗೊಡುವುದು.

ಗುರ್ರ್ ಎಂಬ ಸದ್ದು ಕೇಳಿತು. ಮಕ್ಕಳೆಲ್ಲ ಇನ್‌ಸ್ಪೆಕ್ಟರ್ ಕಡೆಗೆ ತಿರುಗಿದರು. ಅವರು ಫೈಲನ್ನು ಹೊಟ್ಟೆಗೆ ಅವುಚಿಕೊಂಡು, “ಹೊರಗೆ ಬಸ್ ಬಂತೇನೋ” ಎಂದರು.

ಫೈಲಿನ ಹಿಂದೆ ಬಸ್ಸು ಇನ್ನೊಮ್ಮೆ ಬಂತು.

ಪುಟ್ಟಗೌರಮ್ಮ ಹಾಜರಿ ಪುಸ್ತಕ ತೆರೆದು ಪೆನ್ನು ಕೈಗೆತ್ತಿಕೊಂಡರು. “ಸೇರಿಸ್ಕೋಬೇಕಾದ್ರೆ ಪೋಷಕರು ಬರಬೇಕು ಸಾರ್. ನಿಮ್ಮ ತಾಯಿ ಇದ್ದಾರಾ?”

ಇನ್‌ಸ್ಪೆಕ್ಟರ್ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

“ಇದ್ದಾರೆ ಮೇಡಂ. ಅವರಿಗೂ ಒಂದು ತಟ್ಟೆ ಇಡಿ. ಮನೇಲಿ ನಾವಿಬ್ಬರೂ ಕದ್ದೇ ತಿನ್ನೋದು.”